ಎರಡನೇ ಬರ್ನರಿನ ರೆಪ್ಪೆಯಿಲ್ಲದ ಕಣ್ಣಿಗೆ

ಇವರಿಗೆ,
ಶ್ರೀಯುತ ಜ್ವಾಲಾ ಸಂವೇದಕರು,
ಎರಡನೇ ಬರ್ನರ್, ಎಡಗೋಡೆ, ದೊಡ್ಡ ಭಟ್ಟಿ,
ವಾಷ್‌ಬೇಸಿನ್ ಮತ್ತು ಕಮೋಡ್ ವಿಭಾಗ.

ವಿಷಯ: ತಾವು ಕಂಡದ್ದನ್ನು ಕಂಡಂತೆಯೇ ಹೇಳಿದ್ದರಿಂದ ಉಂಟಾದ ತೊಂದರೆಯ ಬಗ್ಗೆ.

ಮಾನ್ಯರೇ,

ತಮ್ಮ ಪುಟ್ಟ ಗಾಜಿನ ಸನ್ನಿಧಾನಕ್ಕೆ ಉಪಕರಣ ವಿಭಾಗದ ಮೇಲ್ವಿಚಾರಕಿಯಾದ ನನ್ನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ದಯವಿಟ್ಟು ಅಲಂಕಾರದ ಮಾತೆಂದು ತಿಳಿಯಬೇಡಿ. ಕಳೆದ ತಿಂಗಳು ತಮ್ಮ ಕೆಳಬದಿಯ ಬೋಲ್ಟನ್ನು ಬಿಗಿಯಲು ನಾನು ಎಂಟೂ ಅಂಗಗಳನ್ನು ನೆಲಕ್ಕೆ ಹಚ್ಚಿ ಮಲಗಿದ್ದನ್ನು ತಾವು ನೋಡಿರಲಾರಿರಿ, ಆದರೆ ಇಡೀ ಪಾಳಿಯ ಜನ ಚಹಾದ ಲೋಟ ಹಿಡಿದು ನಿಂತು ನೋಡಿ ಸಂತೋಷಪಟ್ಟಿದ್ದಾರೆ.

ಪತ್ರ ಶುರುಮಾಡುವಾಗ ಒಂದು ಸಾಲು ನಾಲಿಗೆಯ ತುದಿಗೆ ಬಂದು ಕೂತಿದೆ. ‘ಉರಿಯ ಕಂಡ ಕಣ್ಣು ಸುಳ್ಳಾಡದು’ ಎಂಬಲ್ಲಿಯವರೆಗೆ ನೆನಪಿದೆ, ಮುಂದಿನದು ನೆನಪಿಲ್ಲ, ಬರೆದವರು ಯಾರೆಂದು ಮೊದಲೇ ಗೊತ್ತಿರಲಿಲ್ಲ. ಎಂ.ಎಸ್ಸಿ. ಓದುವಾಗ ಬೆಳಕಿನ ಪಾಠ ಬೇಸರ ತಂದಾಗಲೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕವಿತೆಯ ಸಾಲುಗಳನ್ನು ಗೀಚಿಕೊಳ್ಳುವ ಚಟ ನನಗಿತ್ತು. ಆ ಪುಟದ ಕೆಳಗಿನ ಅಂಚು ಹರಿದುಹೋಗಿ ಈ ಸಾಲು ಅರ್ಧಕ್ಕೆ ಉಳಿಯಿತು. ಇಪ್ಪತ್ತೈದು ವರ್ಷ ಆ ಅರ್ಧವನ್ನೇ ಪೂರ್ತಿಯೆಂದು ನಂಬಿ ಬದುಕಿದೆ, ಸಂಬಳವನ್ನೂ ಪಡೆದೆ. ಈಗ ಅನುಮಾನ ಹುಟ್ಟಿದೆ. ಯಾವ ಕವಿಯೂ ಇಷ್ಟಕ್ಕೇ ಸುಮ್ಮನಾಗಿರಲಾರ. ಹರಿದ ಅಂಚಿನಲ್ಲಿ ಒಂದು ‘ಆದರೆ’ ಇದ್ದೇ ಇರಬೇಕು.

ಇದು ಬಹಿರಂಗ ಪತ್ರವಾದ್ದರಿಂದ, ಸೋಮವಾರ ಬೆಳಿಗ್ಗೆ ಗೇಟಿನ ನೋಟಿಸ್ ಬೋರ್ಡಿನ ಮುಂದೆ ನಿಂತು ಓದಲಿರುವ ಪ್ಯಾಕಿಂಗ್ ವಿಭಾಗದ ಅಕ್ಕಂದಿರಿಗೂ ಲಾರಿ ಚಾಲಕರಿಗೂ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಬೇಕಾಗಿದೆ. ನಮ್ಮ ದೊಡ್ಡ ಭಟ್ಟಿಯಲ್ಲಿ ಎದುರುಬದುರು ಗೋಡೆಗಳಿಗೆ ಒಂದೊಂದು ಬರ್ನರ್ ಇದ್ದು, ನಡುವೆ ಕಮೋಡುಗಳನ್ನು ಹೊತ್ತ ಟ್ರಾಲಿ ನಿಲ್ಲುತ್ತದೆ. ಒಂದೊಂದು ಬರ್ನರಿಗೂ ಒಂದೊಂದು ಕಣ್ಣು. ಎಡಗೋಡೆಯ ಕಣ್ಣಾದ ತಾವು ಮೊಳದುದ್ದದ ಕೊಳವೆಯ ತುದಿಯಲ್ಲಿ ಕೂತು, ತಮ್ಮ ಬರ್ನರಿನ ಉರಿ ಉರಿಯುತ್ತಿದೆಯೇ ಎಂದು ಹಗಲಿಡೀ ನೋಡುತ್ತಿರುತ್ತೀರಿ. ಉರಿ ಇದ್ದರೆ ಪ್ಯಾನೆಲ್ಲಿನಲ್ಲಿ ಹಸಿರು ದೀಪ. ಆರಿದರೆ ನಾನು ಒಂದು ಸಲ ಉಸಿರೆಳೆಯುವಷ್ಟರಲ್ಲಿ ತಾವು ಗ್ಯಾಸಿನ ವಾಲ್ವನ್ನು ಮುಚ್ಚಿಸಿಬಿಡಬೇಕು. ಮುಚ್ಚದಿದ್ದರೆ ಉರಿಯದ ಗ್ಯಾಸು ತಣ್ಣನೆಯ ಭಟ್ಟಿಯೊಳಗೆ ತುಂಬಿಕೊಂಡು, ಎಲ್ಲಾದರೂ ಬೆಂಕಿ ಸಿಕ್ಕಿದ ಕೂಡಲೇ ನಮ್ಮ ತಗಡಿನ ಛಾವಣಿ ಪ್ರವಾಸ ಹೊರಡುತ್ತದೆ, ಕೆಳಗಿರುವ ನಮ್ಮನ್ನೂ ಕರೆದುಕೊಂಡು.

ಇಂಥ ಹೊಣೆ ಹೊತ್ತ ತಮ್ಮ ಗುಣಗಾನವನ್ನು ಎಲ್ಲಿಂದ ಆರಂಭಿಸಲಿ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಮನುಷ್ಯರ ರೂಢಿ. ತಮಗೋ ಗಾಜಿಗೆ ಎಣ್ಣೆಯ ಪಸೆ ತಾಗಿದರೆ ಸಾಕು, ಲೋಕವೇ ಕತ್ತಲು. ನಾವು ಕಾಣುವ ಕೆಂಪು, ಹಳದಿಗಳ ಕಡೆ ತಾವು ತಿರುಗಿಯೂ ನೋಡುವವರಲ್ಲ. ಉರಿಯಿಂದ ಹೊರಡುವ, ನಮ್ಮ ಕಣ್ಣಿಗೆ ನಿಲುಕದ ನೇರಳಾತೀತ ಬೆಳಕೊಂದನ್ನು ಬಿಟ್ಟು ಮತ್ತೇನೂ ತಮಗೆ ಕಾಣದು. ಹೊಸ ಮ್ಯಾನೇಜರು ಎರಡು ಸಲ ತಮ್ಮ ಮುಂದೆ ಹಾದುಹೋದರೂ ತಾವು ಎದ್ದು ನಿಲ್ಲಲಿಲ್ಲ. ಆ ನಿರ್ಲಿಪ್ತತೆ ನನಗೆ ಬಂದಿದ್ದರೆ ಇಷ್ಟು ಹೊತ್ತಿಗೆ ನಾನು ಸನ್ಯಾಸಿನಿಯಾಗಿರುತ್ತಿದ್ದೆ.

ತಾವು ಬಂದ ಹೊಸದರಲ್ಲಿ ಮಾತ್ರ ಬಹಳ ಅಂಜುಬುರುಕರಾಗಿದ್ದಿರಿ. ಒಂದು ವಾರದಲ್ಲಿ ಹನ್ನೊಂದು ಸಲ, ಉರಿ ನೆಟ್ಟಗೆ ಉರಿಯುತ್ತಿರುವಾಗಲೇ, ‘ಉರಿ ಇಲ್ಲ’ ಎಂದು ವರದಿ ಮಾಡಿ ವಾಲ್ವ್ ಮುಚ್ಚಿಸಿದಿರಿ. ತಪ್ಪು ತಮ್ಮದಲ್ಲ. ತಮ್ಮನ್ನು ಕೂರಿಸಿ ಹೋದವರು ಕೊಳವೆಯನ್ನು ಮಟ್ಟಸವಾಗಿ ಇಟ್ಟಿದ್ದರು. ಹಸಿ ಬೇಸಿನ್ನುಗಳಿಂದ ಏಳುವ ಹಬೆಯೂ ಬೂದಿಯಂಥ ಧೂಳೂ ಅದರೊಳಗೆ ಸಂಸಾರ ಹೂಡಿದ್ದವು. ನಾನು ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದೆ, ಧೂಳು ನಿಲ್ಲದಂತೆ ಕೊಳವೆಯನ್ನು ಭಟ್ಟಿಯ ಕಡೆಗೆ ಇಳಿಜಾರು ಮಾಡಿದೆ, ತಮಗೆ ಸೆಕೆಯಾಗದಿರಲೆಂದು ಪಕ್ಕದಿಂದ ತಣ್ಣನೆಯ ಗಾಳಿಯ ನಳಿಗೆಯನ್ನೂ ಕೊಟ್ಟೆ. ನನ್ನ ಬಾಣಂತನದಲ್ಲಿ ನನಗೂ ಯಾರೂ ಇಷ್ಟು ಉಪಚಾರ ಮಾಡಿರಲಿಲ್ಲ.

ಆಮೇಲೆ ನೋಟದ ಹೊಂದಾಣಿಕೆ. ತಮ್ಮ ಬೆನ್ನಿಗೆ ಮೀಟರು ತಗಲಿಸಿ, ಕತ್ತಿನ ಕೀಲನ್ನು ಸಡಿಲಿಸಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ಹೋದೆ. ಮೀಟರಿನಲ್ಲಿ ಮೂರು ಬಂದರೆ ಸಾಕು, ನಾಲ್ಕು ಬಂದರೆ ಧಾರಾಳ ಎಂದು ತಮ್ಮ ಜೊತೆ ಬಂದ ಪುಸ್ತಕ ಹೇಳುತ್ತದೆ. ನಾಲ್ಕು ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಂಕ ಎಂದರೆ ನಮ್ಮ ಜನಕ್ಕೆ ಜೀವ. ಹಿಂದೆ ನಿಂತಿದ್ದವರು ಇನ್ನೂ ಒಂಚೂರು, ಇನ್ನೂ ಒಂಚೂರು ಎಂದರು, ನಾನೂ ತಿರುಗಿಸಿದೆ, ಐದಾಯಿತು, ಏಳಾಯಿತು, ತಾವು ಓರೆಗಣ್ಣಾಗಿ ಒಂದು ಜಾಗಕ್ಕೆ ಬಂದು ನಿಂತಾಗ ಒಂಬತ್ತು. ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಕೀಲು ಬಿಗಿದೆ. ಮ್ಯಾನೇಜರು ಓಡಿಬಂದು, ಎದುರಿನ ಒಂದನೇ ಕಣ್ಣು ಬರೀ ನಾಲ್ಕು ಕೊಡುತ್ತಿರುವಾಗ ಇದು ಒಂಬತ್ತು ಕೊಡುತ್ತಿದೆಯೆಂದರೆ ಇದನ್ನು ನೋಡಿ ಉಳಿದವರೂ ಕಲಿಯಬೇಕೆಂದು ಹೇಳಿ, ಮೀಟರಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಅಂದಿನಿಂದ ಮೂರು ವಾರ ತಾವು ಒಮ್ಮೆಯೂ ‘ಇಲ್ಲ’ ಎಂಬ ಮಾತಾಡಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ನನಗೆ, ಮೂರು ವಾರ ‘ಇಲ್ಲ’ ಎನ್ನದ ಜೀವ ಎದುರಾದದ್ದು ಇದೇ ಮೊದಲು.

ಇನ್ನು ಭಟ್ಟಿಯಣ್ಣನ ವಿಷಯ. ತಮಗೆ ಕಿವಿಯಿಲ್ಲದ್ದರಿಂದ ಅವರ ಪರಿಚಯವಿರಲಾರದು. ಇಪ್ಪತ್ತಾರು ವರ್ಷದಿಂದ ದೊಡ್ಡ ಭಟ್ಟಿಯನ್ನು ಹೊತ್ತಿಸಿ, ಆರಿಸಿ, ಬೈದು, ಮುದ್ದಿಸಿ ಸಾಕಿದವರು. ಎರಡು ಬರ್ನರೂ ಉರಿಯುವಾಗ ಅವು ಜೋಡಿಯಾಗಿ ಹಾಡುತ್ತವೆ, ಒಂದರದು ದಪ್ಪ ದನಿ, ಇನ್ನೊಂದರದು ಸಣ್ಣ ದನಿ ಎಂಬುದು ಅವರ ಸಿದ್ಧಾಂತ. ಈ ಸಂಗೀತಜ್ಞಾನದಿಂದ ಅವರಿಗೆ ಈಗಾಗಲೇ ಎರಡು ಮೆಮೊ ಬಂದಿವೆ. ಎರಡನೆಯದಂತೂ, ಎಲ್ಲೋ ಸಿಳ್ಳೆ ಕೇಳಿಸುತ್ತಿದೆಯೆಂದು ಭಟ್ಟಿ ನಿಲ್ಲಿಸಿ ಎಲ್ಲರನ್ನೂ ಅಂಗಳಕ್ಕೆ ಅಟ್ಟಿದಾಗ ಬಂದದ್ದು. ಹುಡುಕಿ ನೋಡಿದರೆ ಪ್ಯಾನೆಲ್ಲಿನ ಹಿಂದೆ ಯಾರೋ ಇಟ್ಟು ಮರೆತ ಚಹಾದ ಕೆಟ್ಲು. ಮೂರನೆಯ ಮೆಮೊ ಬಂದರೆ ಅವರನ್ನು ಭಟ್ಟಿಯಿಂದ ಬಿಡಿಸಿ, ಕಮೋಡುಗಳ ಹೊಟ್ಟೆಗೆ ಹುಲ್ಲು ತುಂಬುವ ಪ್ಯಾಕಿಂಗಿಗೆ ಹಾಕುವುದೆಂದು ಮ್ಯಾನೇಜರು ಬರಹದಲ್ಲೇ ತಿಳಿಸಿದ್ದರು.

ಮೊನ್ನೆ ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ ಅದು ನಡೆಯಿತು. ಭಟ್ಟಿ ಹೊತ್ತಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಒಳಗೆ ಇಟ್ಟಿಗೆ ಇನ್ನೂ ತಣ್ಣಗಿತ್ತು. ಪ್ಯಾನೆಲ್ಲಿನಲ್ಲಿ ಎರಡೂ ಹಸಿರು ದೀಪ ಉರಿಯುತ್ತಿದ್ದವು. ಶೆಡ್ಡಿನಲ್ಲಿ ಹನ್ನೊಂದು ಜನ ಇದ್ದೆವು. ನಾನು ಭಟ್ಟಿಗೆ ಬೆನ್ನು ಹಾಕಿ ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಮುಂದೆ ‘ಉತ್ತಮ’ ಎಂದು ಬರೆಯುತ್ತಿದ್ದೆ. ತನ್ನ ಭಾವಮೈದುನನ ಗೃಹಸಾಲದ ಕಥೆಯನ್ನು ಯಾರಿಗೂ ಬೇಡವಾದ ವಿವರದಲ್ಲಿ ಹೇಳುತ್ತಿದ್ದ ಭಟ್ಟಿಯಣ್ಣ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸುವುದೇ ಒಂದು ಅಪಘಾತವಾದ್ದರಿಂದ ನಾನು ತಿರುಗಿ ನೋಡಿದೆ. ಅಷ್ಟರಲ್ಲಿ ಅವರು ಕೆಂಪು ಹಿಡಿಯನ್ನು ಜಗ್ಗಿ ಇಡೀ ಕಾರ್ಖಾನೆಯ ಗ್ಯಾಸನ್ನೇ ನಿಲ್ಲಿಸಿಬಿಟ್ಟಿದ್ದರು.

ಅವರು ಹೇಳಿದ್ದು ಇಷ್ಟೇ: “ಒಂದೇ ಉರೀತಿತ್ತು ಮೇಡಂ. ನಂಗೆ ಇನ್ನೊಂದು ಕೇಳಿಸಲಿಲ್ಲ.”

ನಿಯಮದಂತೆ ದೊಡ್ಡ ಫ್ಯಾನು ಓಡಿ ಭಟ್ಟಿಯೊಳಗಿದ್ದುದನ್ನೆಲ್ಲ ಚಿಮಣಿಯಿಂದ ಹೊರಗೆ ಕಳಿಸಿತಾದ್ದರಿಂದ ಸಾಕ್ಷಿಯೆಂಬುದು ಉಳಿಯಲಿಲ್ಲ. ಉಳಿದದ್ದು ತಮ್ಮ ಹೇಳಿಕೆಯೊಂದೇ. ಪ್ಯಾನೆಲ್ಲಿನಲ್ಲಿ ದಾಖಲಾಗಿರುವ ಪ್ರಕಾರ, ಭಟ್ಟಿಯಣ್ಣ ಹಿಡಿ ಜಗ್ಗುವ ಕ್ಷಣದವರೆಗೂ ಒಂದನೇ ಬರ್ನರಿನಲ್ಲಿ ಉರಿ ಇತ್ತು, ಎರಡನೇ ಬರ್ನರಿನಲ್ಲೂ ಇತ್ತು. ಕಾಗದ ಮೇಜಿನ ಮೇಲೆ ಬಂತು. ಮನುಷ್ಯನ ಕಿವಿ ಒಂದು ಕಡೆ, ತಮ್ಮ ಕಣ್ಣು ಇನ್ನೊಂದು ಕಡೆ ಇರುವಾಗ ಯಂತ್ರವನ್ನು ನಂಬದೆ ಯಾರನ್ನು ನಂಬಬೇಕು ಎಂದು ಮ್ಯಾನೇಜರು ಕೇಳಿದರು. ನನ್ನನ್ನೂ ಕರೆಸಿ, ಆ ಕಣ್ಣು ಸರಿಯಿದೆಯೇ ಎಂದು ವಿಚಾರಿಸಿದಾಗ ನಾನು, ಸ್ವಾಮಿ, ಎದೆಯುಬ್ಬಿಸಿ, ಒಂಬತ್ತು ಕೊಡುತ್ತದೆ ಎಂದೆ. ಭಟ್ಟಿಯಣ್ಣ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಮೂರನೇ ಮೆಮೊ ಟೈಪಾಯಿತು. ಸೋಮವಾರ ಹತ್ತು ಗಂಟೆಗೆ ವಿಚಾರಣೆ.

ಆ ಸಂಜೆ ಮನೆಯಲ್ಲಿ ನನಗೆ ಯಾವುದೂ ಸರಿಹೋಗಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಸಿಕ್ಕಿದವರು ಪಕ್ಕದ ಮನೆಯ ಟೈಲರಮ್ಮ. ಅವರ ಅಡುಗೆಮನೆಯ ಕಿಟಕಿಗೂ ನಮ್ಮದಕ್ಕೂ ನಡುವೆ ಒಂದು ಕೈಯಳತೆಯ ಓಣಿ. ನಮ್ಮ ಒಲೆಯ ಮೇಲೆ ಏನಿದೆ, ಎಷ್ಟು ಹೊತ್ತಾಯಿತು, ಸೌಟು ಆಡಿಸುವ ಕಾಲ ಬಂತೇ ಎಂಬುದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಹೊಲಿಗೆಯಂತ್ರ ತುಳಿಯುತ್ತಲೇ ಅವರು ನಮ್ಮ ಮನೆಯ ಸಾರಿಗೆ ಸಲಹೆ ಕೊಡುತ್ತಾರೆ. ತಮ್ಮ ಮನೆಯ ಉರಿ ನೋಡಿಕೊಳ್ಳುವುದು ಬಿಟ್ಟು ಪಕ್ಕದವರ ಉರಿ ನೋಡುವ ಈ ಚಟಕ್ಕೆ ಔಷಧಿ ಮಾಡಲೇಬೇಕೆಂದು ನಾನು ಗುರುವಾರ ಸಂಜೆಯೇ ಹೋಗಿ ನಮ್ಮ ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹೊಲಿಯಲು ಹಾಕಿದೆ. ಹೊಲಿಯಲು ಹಾಕಿದ್ದು ಅವರಿಗೇ. ಬೀದಿಯಲ್ಲಿ ಬೇರೆ ಟೈಲರ್ ಇಲ್ಲ. ಅವರು ಅಳತೆ ತೆಗೆದುಕೊಂಡರು, ಯಾಕೆಂದು ಕೇಳಲಿಲ್ಲ.

ತಾವು ಕುಶಾಗ್ರಮತಿಗಳು, ನಾನೇ ಆಡಿದ ಮಾತು ನನ್ನ ತಲೆಗೆ ತಟ್ಟಲು ಎರಡು ದಿನ ಏಕೆ ಬೇಕಾಯಿತೆಂದು ಕೇಳಬಹುದು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಬಿಟ್ಟರೆ ಬೇರೆ ಉತ್ತರವಿಲ್ಲ. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ‘ಪಕ್ಕದವರ ಉರಿ’ ಎಂಬ ಮಾತು ಮತ್ತೆ ತಲೆಯಲ್ಲಿ ಸುಳಿಯಿತು, ಬ್ರಷ್ಷು ಬಾಯಿಯಲ್ಲೇ ನಿಂತಿತು. ಕಾರ್ಖಾನೆಗೆ ಓಡಿದೆ. ಅಂದು ಉತ್ಪಾದನೆ ಇರಲಿಲ್ಲ. ಒಂದನೇ ಬರ್ನರನ್ನು ಹೊತ್ತಿಸಿ, ತಮ್ಮ ಬರ್ನರಿನ ಗ್ಯಾಸನ್ನು ಕೈಯಿಂದಲೇ ಪೂರ್ತಿ ಮುಚ್ಚಿ, ತಮ್ಮ ಬೆನ್ನಿಗೆ ಮೀಟರು ತಗಲಿಸಿ ಕೂತೆ. ತಮ್ಮ ಮುಂದೆ ಉರಿಯಿಲ್ಲ, ಹೊಗೆಯಿಲ್ಲ, ಏನೂ ಇಲ್ಲ. ಮೀಟರು ಐದು ತೋರಿಸಿತು. ಹಸಿರು ದೀಪ ಅಲುಗದೆ ಉರಿಯುತ್ತಿತ್ತು.

ನಾನು ಓರೆಯಾಗಿ ತಿರುಗಿಸಿ ಬಿಗಿದ ಜಾಗದಿಂದ ತಾವು, ಟ್ರಾಲಿಯ ಎರಡು ಸಾಲು ಕಮೋಡುಗಳ ನಡುವಿನ ಸಂದಿಯಲ್ಲಿ ಹಾದು, ಎದುರುಗೋಡೆಯ ಒಂದನೇ ಬರ್ನರಿನ ಉರಿಯನ್ನು ಕಣ್ತುಂಬ ನೋಡುತ್ತಿದ್ದಿರಿ. ಆ ಪ್ರಸಿದ್ಧ ಒಂಬತ್ತರಲ್ಲಿ ನಾಲ್ಕು ತಮ್ಮ ಮನೆಯದು, ಐದು ಎದುರುಮನೆಯದು. ಮನೆಗೆ ಮಾರಿ, ಊರಿಗೆ ಉಪಕಾರಿ. ಗುರುವಾರ ತಮ್ಮ ಬರ್ನರಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ತಟ್ಟೆಯ ಸ್ಕ್ರೂ ಸಡಿಲವಾಗಿ, ಗಾಳಿ ಹೆಚ್ಚಾಗಿ ತಮ್ಮ ಉರಿ ಆರಿದಾಗ (ಆ ಸ್ಕ್ರೂ ಶನಿವಾರ ನನ್ನ ಕೈಗೇ ಸಿಕ್ಕಿತು) ತಾವು ಎದುರುಮನೆಯ ಬೆಳಕನ್ನು ನೋಡುತ್ತ, ಉರಿ ಇದೆ, ಎಲ್ಲ ಕ್ಷೇಮ, ಗ್ಯಾಸು ಬಿಡುತ್ತಿರಿ ಎಂದು ಬರೆದುಕೊಳ್ಳುತ್ತಿದ್ದಿರಿ. ಸುಳ್ಳು ಹೇಳಲಿಲ್ಲ. ಉರಿ ಇತ್ತು, ನಿಜ.

ನೆಲದ ಮೇಲೆ ಕೂತು ನಾನು ನಗತೊಡಗಿದೆ. ನಗು ನಿಲ್ಲಲಿಲ್ಲ. ಕಾವಲುಗಾರ ಬಂದು ನೀರು ಕೊಟ್ಟ, ನೀರು ನೆತ್ತಿಗೇರಿತು, ಮತ್ತೂ ನಕ್ಕೆ. ಹನ್ನೊಂದು ಜನ ನೆಟ್ಟಗೆ ನಡೆದಾಡಿಕೊಂಡಿದ್ದಾರಲ್ಲ, ಅವರಲ್ಲಿ ನಾನೂ ಒಬ್ಬಳಲ್ಲವೇ ಎಂಬುದಕ್ಕೆ ಬಂದ ನಗು ಅದು. ಅದರ ತಳದಲ್ಲಿ ಇನ್ನೇನಿತ್ತೆಂಬುದನ್ನು ಈಗ ಹೇಳಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಣ್ಣನ್ನು ಕೂರಿಸಿದ ಮೇಲೆ, ಎದುರಿನ ಬರ್ನರನ್ನು ಉರಿಯಲು ಬಿಟ್ಟು, ಅದರದೇ ಬರ್ನರನ್ನು ಆರಿಸಿ, ಅದು ‘ಇಲ್ಲ’ ಎನ್ನುತ್ತದೆಯೇ ಎಂದು ನೋಡಲೇಬೇಕು. ಪುಸ್ತಕದಲ್ಲಿ ಇದು ದಪ್ಪಕ್ಷರದಲ್ಲಿದೆ. ನಾನೇ ಹೊಸಬರಿಗೆ ಪಾಠ ಮಾಡಿದ್ದೇನೆ. ಕಂಡದ್ದನ್ನೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿದ್ದು ಇದನ್ನೇ. ಅಂದು ಒಂಬತ್ತು ಬಂದ ಸಂಭ್ರಮದಲ್ಲಿ, ಚಪ್ಪಾಳೆಯ ಗದ್ದಲದಲ್ಲಿ, ಫೋಟೊಕ್ಕೆ ತಲೆ ಬಾಚಿಕೊಳ್ಳುವ ಗಡಿಬಿಡಿಯಲ್ಲಿ ನಾನು ಆ ಪರೀಕ್ಷೆ ಮಾಡಲಿಲ್ಲ. ಮಾಡದೆಯೇ ‘ಪರೀಕ್ಷಿಸಲಾಗಿದೆ’ ಎಂಬುದರ ಕೆಳಗೆ ರುಜು ಹಾಕಿದೆ. ಭಟ್ಟಿಯಣ್ಣನ ಮುಖದ ಮುಂದೆ ಒಂಬತ್ತು ಎಂದವಳೂ ನಾನೇ.

ಶನಿವಾರ ಮಧ್ಯಾಹ್ನ ಅವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬೈಗುಳ ಬರುತ್ತದೆಂದು ಕಾದೆ, ಬಂದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಅವರು, “ಹಾಗಾದ್ರೆ ಅದರ ಕಣ್ಣು ಸರಿಯಾಗೇ ಇದೆ ಅನ್ನಿ. ಕತ್ತು ಮಾತ್ರ ಸೊಟ್ಟ,” ಎಂದರು. ಕತ್ತು ತಿರುಗಿಸಿದವಳು ನಾನೇ ಅಣ್ಣ ಎಂದೆ. ಅದು ಗೊತ್ತು, ಫೋಟೊ ನೋಡಿದ್ದೇನೆ ಎಂದರು. ಆಮೇಲೆ, ಗುರುವಾರದಿಂದ ತಮ್ಮ ಕಿವಿಗೇ ವಯಸ್ಸಾಯಿತೇನೋ ಎಂಬ ಭಯ ಹತ್ತಿ, ಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ಕನ್ನು ಎಣಿಸುತ್ತ ಕೂತಿದ್ದಾಗಿ ಬಹಳ ಮೆಲ್ಲಗೆ ಹೇಳಿದರು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ. ಸೋಮವಾರ ಹತ್ತು ಗಂಟೆಗೆ ತಾವು ಖುದ್ದಾಗಿ ವಿಚಾರಣೆಗೆ ಹಾಜರಾಗಿ, ಒಂದು ಲೋಟ ನೀರು ಕುಡಿದು, ಗುರುವಾರ ನಾನು ನೋಡುತ್ತಿದ್ದುದು ಎದುರುಮನೆಯನ್ನು ಎಂದು ಹೇಳಿಕೆ ಕೊಡಬೇಕು. ಹಾಗೆಯೇ ಭಟ್ಟಿಯಣ್ಣನ ಬಳಿ ಹೋಗಿ ಒಂದು ವಾರ ಸಂಗೀತ ಕಲಿಯಬೇಕು; ಕಿವಿ ಇಲ್ಲವೆಂಬ ನೆಪ ಬೇಡ, ಕಿವಿ ಇರುವ ಎಷ್ಟೋ ಜನ ಅವರ ಮಾತು ಕೇಳಿಸಿಕೊಂಡಿಲ್ಲ. ತಮ್ಮ ಬಂಧುಗಳಲ್ಲಿ ಕೆಲವರಿಗೆ ರೆಪ್ಪೆ ಇರುತ್ತದಂತೆ. ಆಗಾಗ ಅದನ್ನು ಮುಚ್ಚಿ, ಮುಚ್ಚಿದಾಗಲೂ ಉರಿ ಕಂಡರೆ ಕೆಟ್ಟಿರುವುದು ತನ್ನ ಕಣ್ಣೇ ಎಂದು ಅವರು ತಾವಾಗಿಯೇ ಒಪ್ಪಿಕೊಂಡು ವಾಲ್ವ್ ಮುಚ್ಚಿಸುತ್ತಾರಂತೆ. ಅಂಥ ಒಂದು ರೆಪ್ಪೆಯನ್ನು ತಾವೂ ಬೆಳೆಸಿಕೊಳ್ಳಬೇಕು. ಎರಡು ಬೆಳೆದರೆ ಒಂದನ್ನು ಈ ಅರ್ಜಿದಾರಳಿಗೆ ಕೊಡಬೇಕು, ಮ್ಯಾನೇಜರ ಕೋಣೆಗೆ ಹೋಗುವಾಗ ಧರಿಸಿಕೊಳ್ಳುತ್ತೇನೆ.

ಇವು ಯಾವುವೂ ತಮ್ಮಿಂದಾಗದೆಂದು ಬಲ್ಲೆ. ನನ್ನಿಂದಾದುದನ್ನು ಶನಿವಾರವೇ ಮಾಡಿದ್ದೇನೆ: ತಮ್ಮ ಕತ್ತನ್ನು ಮರಳಿ ತಮ್ಮದೇ ಉರಿಯ ಬುಡಕ್ಕೆ ತಿರುಗಿಸಿ, ಎದುರಿನದನ್ನು ಉರಿಯಲು ಬಿಟ್ಟು ತಮ್ಮ ಬರ್ನರನ್ನು ಹೊತ್ತಿಸಿ ಆರಿಸಿ ಆರು ಸಲ ಪರೀಕ್ಷಿಸಿದೆ, ಆರೂ ಸಲ ತಾವು ‘ಇಲ್ಲ’ ಎಂದಿರಿ. ಎಷ್ಟು ಮುದ್ದಾಗಿ ಹೇಳಿದಿರೆಂದರೆ ನನಗೆ ಏಳನೆಯ ಸಲವೂ ಕೇಳಬೇಕೆನಿಸಿತು. ಈಗ ಮೀಟರು ನಾಲ್ಕು ತೋರಿಸುತ್ತದೆ. ಈ ಪತ್ರದ ಒಂದು ಪ್ರತಿ ಗೇಟಿನ ಬೋರ್ಡಿಗೆ, ಇನ್ನೊಂದು ಮ್ಯಾನೇಜರಿಗೆ. ಭಟ್ಟಿಯಣ್ಣನ ಹೆಸರಿಗೆ ಟೈಪಾಗಿರುವ ಮೂರನೇ ಮೆಮೊದಲ್ಲಿ ಹೆಸರನ್ನಷ್ಟೇ ಬದಲಿಸಿ ನನಗೆ ಕೊಡಬೇಕೆಂದೂ, ಮೀಟರಿನ ಪಕ್ಕ ನಿಂತ ನನ್ನ ಫೋಟೊವನ್ನು ಹೊಸಬರ ಪಾಠಕ್ಕೆ ಬಳಸಬೇಕೆಂದೂ ಕೋರಿ ಬೇರೆ ಅರ್ಜಿಯನ್ನು ಲಗತ್ತಿಸಿದ್ದೇನೆ. ಹುಲ್ಲು ತುಂಬುವ ಕೆಲಸ ನನಗೆ ಬಂದರೆ ಬರಲಿ. ಕವಿತೆ ಓದಲು ಅಲ್ಲಿ ಬೆಳಕು ಚೆನ್ನಾಗಿದೆ.

ಭಟ್ಟಿ ತಣ್ಣಗಿರುವಾಗಲೂ ಬಿಸಿಯಿರುವಾಗಲೂ ತಮ್ಮ ಗಾಜು ತಿಳಿಯಾಗಿರಲಿ, ತಮ್ಮ ನೋಟ ಮನೆಯೊಳಗೇ ಇರಲಿ ಎಂದು ಹಾರೈಸುತ್ತ,

ಕತ್ತು ತಿರುಗಿಸಿದವಳಾದರೂ
ತಮ್ಮ ವಿಶ್ವಾಸಿ,
ಉಪಕರಣ ವಿಭಾಗದ ಮೇಲ್ವಿಚಾರಕಿ

ಮರೆತ ಮಾತು: ಪತ್ರ ಮುಗಿಸಿ ರುಜು ಹಾಕುವ ಹೊತ್ತಿಗೆ, ಅಂದರೆ ಈ ಭಾನುವಾರ ಸಂಜೆ ನಾಲ್ಕೂವರೆಗೆ, ಇನ್ನೊಂದು ಘಟನೆ ನಡೆದಿರುವುದರಿಂದ ಅದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಚಹಾಕ್ಕೆ ಹಾಲಿಟ್ಟು ಬರೆಯಲು ಕೂತವಳು, ಅಡುಗೆಮನೆಯ ಕಿಟಕಿಯ ಬಳಿ ಕೂತಿದ್ದ ಅತ್ತೆಯನ್ನು ಕೋಣೆಯಿಂದಲೇ ಎರಡು ಸಲ ಕೇಳಿದೆ, ಒಲೆ ಉರಿಯುತ್ತಿದೆಯೇ ಎಂದು. ಎರಡು ಸಲವೂ ಉರೀತಿದೆ ಎಂದರು. ಅಷ್ಟರಲ್ಲಿ ಟೈಲರಮ್ಮ ಬಾಗಿಲು ಬಡಿಯದೆ ಒಳಗೆ ನುಗ್ಗಿ, ಸೀದಾ ಹೋಗಿ ಗ್ಯಾಸಿನ ಕಿವಿ ತಿರುಗಿಸಿ, ಕಿಟಕಿಯನ್ನು ಪೂರ್ತಿ ತೆರೆದರು. ಹಾಲು ಉಕ್ಕಿ ನಮ್ಮ ಒಲೆ ಆಗಲೇ ಆರಿಹೋಗಿತ್ತು. ಒಲೆಗೆ ಬೆನ್ನು ಹಾಕಿ ಕೂತಿದ್ದ ಅತ್ತೆ ಅಷ್ಟು ಹೊತ್ತೂ ನೋಡುತ್ತಿದ್ದುದು ಕಿಟಕಿಯಾಚೆಯ ಟೈಲರಮ್ಮನ ಒಲೆಯನ್ನು. ಯಾಕೆ ಹಾಗೆ ಹೇಳಿದಿರಿ ಎಂದರೆ, “ಉರೀತಿದೆಯಾ ಅಂತ ಕೇಳ್ದೆ. ಯಾರ ಒಲೆ ಅಂತ ಕೇಳಿದ್ಯಾ?” ಎಂದರು. ಹರಿದ ಪುಟದ ಅಂಚಿನಲ್ಲಿ ಇದ್ದದ್ದು ಇದೇ ಇರಬೇಕೆಂದು ನನ್ನ ಅಂದಾಜು. ಟೈಲರಮ್ಮನ ಹೆಗಲ ಮೇಲೆ ನಾನು ಹೊಲಿಯಲು ಹಾಕಿದ್ದ ಪರದೆ, ಅರ್ಧ ಹೊಲಿದಿದ್ದು, ಸೂಜಿ ಸಮೇತ ನೇತಾಡುತ್ತಿತ್ತು. ಶನಿವಾರದಿಂದ ನಾನು ಅತ್ತೆಗೆ ಹೇಳಿದ್ದನ್ನೆಲ್ಲ ಅವರು ಕಿಟಕಿಯಿಂದ ಕೇಳಿಸಿಕೊಂಡಿದ್ದಾರೆಂಬುದು ತಿಳಿದದ್ದು, ಅವರು ಹೊರಡುವಾಗ ಬಾಗಿಲಲ್ಲಿ ನಿಂತು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೋಡುತ್ತ, ಹೀಗೆಂದಾಗ: “ಈ ಕಿಟಕಿಗೆ ಅರ್ಧ ಪರದೆ ಸಾಕು ಬಿಡಿ ಅಕ್ಕ. ಉಳಿದ ಬಟ್ಟೆ ನಿಮ್ಮ ಭಟ್ಟಿ ಕಣ್ಣಿಗೆ ಕಟ್ಟಿ.”